ಸಂಘಟನೆ ಮತ್ತು ಸಂಧಾನ: ಅಹಮದಾಬಾದಿನ ಪಾಠ

ಕಾರ್ಮಿಕ ಸಂಘ ಎಂದೊಡನೆ ಅನೇಕ ಉದ್ಯಮಿಗಳ ಕಣ್ಣ ಮುಂದೆ ಬರುವುದು ಮುಷ್ಕರ, ಘೋಷಣೆ ಮತ್ತು ಮುಚ್ಚಿದ ಗೇಟು. ಈ ಆತಂಕ ಅಕಾರಣವೇನೂ ಅಲ್ಲ. ಆದರೆ ವ್ಯಾಪಾರಕ್ಕೆ ಹೆಸರಾದ ಅಹಮದಾಬಾದ್ ನಗರದ ಒಂದು ಶತಮಾನದ ಅನುಭವವು ಈ ವಿಷಯದ ಇನ್ನೊಂದು ಮುಖವನ್ನೂ ತೋರಿಸುತ್ತದೆ.

ಶೇ. 35ರ ತೀರ್ಪು

1917ರಲ್ಲಿ ಅಹಮದಾಬಾದಿನಲ್ಲಿ ಪ್ಲೇಗ್ ಹರಡಿದಾಗ, ಕಾರ್ಮಿಕರು ಊರು ಬಿಡದಿರಲೆಂದು ಗಿರಣಿ ಮಾಲೀಕರು ವಿಶೇಷ ಬೋನಸ್ ನೀಡಿದರು. ರೋಗ ಇಳಿದ ಬಳಿಕ, 1918ರ ಆರಂಭದಲ್ಲಿ, ಅದನ್ನು ನಿಲ್ಲಿಸಲು ಮುಂದಾದರು. ಯುದ್ಧಕಾಲದ ಬೆಲೆಯೇರಿಕೆಯಿಂದ ನಲುಗಿದ್ದ ಕಾರ್ಮಿಕರು ಶೇ. 50ರಷ್ಟು ವೇತನ ಹೆಚ್ಚಳ ಕೇಳಿದರು, ಮಾಲೀಕರು ಶೇ. 20ಕ್ಕಿಂತ ಮೇಲೆ ಹೋಗಲು ಒಪ್ಪಲಿಲ್ಲ. ಪರಿಸ್ಥಿತಿಯನ್ನು ಪರಿಶೀಲಿಸಿದ ಗಾಂಧೀಜಿ ಶೇ. 35 ನ್ಯಾಯವಾದುದೆಂದು ಅಭಿಪ್ರಾಯಪಟ್ಟರು. ಫೆಬ್ರವರಿ 22ರಂದು ಗಿರಣಿಗಳಿಗೆ ಬೀಗ ಬಿತ್ತು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರ ನಿಂತವರಲ್ಲಿ ಪ್ರಮುಖರು ಅವರ ಸಹೋದರಿ ಅನಸೂಯಾ ಸಾರಾಭಾಯಿ. ಗಾಂಧೀಜಿಯವರ ಮೂರು ದಿನಗಳ ಉಪವಾಸದ ನಂತರ ಮಾರ್ಚ್ 18ರಂದು ರಾಜಿಯಾಯಿತು. ವಿವಾದವನ್ನು ಆನಂದಶಂಕರ ಧ್ರುವ ಅವರ ಮಧ್ಯಸ್ಥಿಕೆಗೆ ಒಪ್ಪಿಸಲಾಯಿತು. ಅವರ ತೀರ್ಪು ಶೇ. 35ನ್ನೇ ಎತ್ತಿಹಿಡಿಯಿತು.

1920ರಲ್ಲಿ ಸ್ಥಾಪನೆಯಾದ ಕಾರ್ಮಿಕ ಸಂಘವು ಮಜೂರ್ ಮಹಾಜನ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಗುಜರಾತಿನಲ್ಲಿ 'ಮಹಾಜನ' ಎಂಬುದು ವರ್ತಕರ ಕೂಟಗಳಿಗೆ ಇದ್ದ ಹೆಸರು; ಅದನ್ನೇ ಕಾರ್ಮಿಕರೂ ತಮ್ಮದಾಗಿಸಿಕೊಂಡರು. ಮೊದಲು ಮಾತುಕತೆ, ಬಳಿಕ ಮಧ್ಯಸ್ಥಿಕೆ, ಮುಷ್ಕರ ಕೊನೆಯ ಅಸ್ತ್ರ ಎಂಬುದು ಅದರ ನೀತಿಯಾಗಿತ್ತು.

ವರ್ತಕರ ಮಾತೇ ದಾಖಲೆ

ಗಿರಣಿ ಕಾರ್ಮಿಕರಿಗೆ ಸಂಘವಿತ್ತು. ಆದರೆ ಬಟ್ಟೆ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುತ್ತಿದ್ದ ಮಹಿಳೆಯರಿಗೆ ಲಿಖಿತ ದರವಾಗಲಿ, ಹೊತ್ತ ಹೊರೆಗಳ ಲೆಕ್ಕವಾಗಲಿ ಇರಲಿಲ್ಲ. 1971ರಲ್ಲಿ ಅವರು ಸಂಘದ ಮಹಿಳಾ ವಿಭಾಗದ ಇಳಾ ಭಟ್ಟರ ಬಳಿ ಬಂದರು. ಭಟ್ಟರು ಅವರ ಸ್ಥಿತಿಯನ್ನು ಪತ್ರಿಕೆಯಲ್ಲಿ ಬರೆದರು. ವರ್ತಕರು ಆರೋಪವನ್ನು ಅಲ್ಲಗಳೆದು, ತಾವು ನ್ಯಾಯವಾಗಿಯೇ ಕೂಲಿ ಕೊಡುತ್ತಿರುವುದಾಗಿ ಪತ್ರಿಕೆಯಲ್ಲೇ ಉತ್ತರಿಸಿದರು. ಸಂಘಟಕರು ಜಗಳಕ್ಕೆ ಇಳಿಯಲಿಲ್ಲ. ವರ್ತಕರ ಹೇಳಿಕೆಯನ್ನೇ ಕಾರ್ಡುಗಳಲ್ಲಿ ಮುದ್ರಿಸಿ ಮಹಿಳೆಯರಿಗೆ ಹಂಚಿದರು. ಕೂಲಿ ಕೇಳಲು ಅವರ ಕೈಯಲ್ಲಿ ಈಗ ವರ್ತಕರದೇ ಮಾತಿನ ದಾಖಲೆಯಿತ್ತು.

ಹೀಗೆ ರೂಪುಗೊಂಡ 'ಸೇವಾ' ಸಂಘಟನೆಯ ನೋಂದಣಿಗೆ ಕಾರ್ಮಿಕ ಇಲಾಖೆ ಆಕ್ಷೇಪಿಸಿತು: ಮಾಲೀಕನೇ ಇಲ್ಲದ ಮೇಲೆ ಹೋರಾಟ ಯಾರ ವಿರುದ್ಧ? ಸಂಘವಿರುವುದು ಯಾರದೋ ವಿರುದ್ಧವಲ್ಲ, ದುಡಿಯುವವರ ಒಗ್ಗಟ್ಟಿಗಾಗಿ ಎಂಬುದು ಸಂಘಟಕರ ಉತ್ತರ. 1972ರ ಏಪ್ರಿಲ್‌ನಲ್ಲಿ ನೋಂದಣಿ ದೊರೆಯಿತು. ಎರಡು ವರ್ಷಗಳಲ್ಲಿ 4,000 ಮಹಿಳೆಯರು ತಲಾ 10 ರೂಪಾಯಿ ಷೇರು ಹಣ ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ತೆರೆದರು. ಲೇವಾದೇವಿಗಾರರ ಬಡ್ಡಿಗೆ ಸಿಲುಕಿದ್ದವರು ಬ್ಯಾಂಕಿನ ಷೇರುದಾರರಾದರು.

ಸಣ್ಣ ಉದ್ಯಮಗಳಿಗೆ ಇದರ ಅರ್ಥ

ನಮ್ಮ ರಾಜ್ಯದ ಬೀಡಿ, ಅಗರಬತ್ತಿ ಉದ್ಯಮಗಳಲ್ಲಿಯೂ ಮನೆಯಲ್ಲೇ ಕುಳಿತು ಎಣಿಕೆಯ ಲೆಕ್ಕದಲ್ಲಿ ದುಡಿಯುವ ಮಹಿಳೆಯರಿದ್ದಾರೆ. ಸಂಘಟನೆ ಇಲ್ಲದೆಡೆ ಅಸಮಾಧಾನ ಇಲ್ಲವೆಂದು ಭಾವಿಸಲಾಗದು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ನಿಯಮದ ಬದಲಾವಣೆಯನ್ನು ವಿರೋಧಿಸಿ ಬೆಂಗಳೂರಿನ ಸಾವಿರಾರು ಸಿದ್ಧ ಉಡುಪು ಕಾರ್ಮಿಕರು ಬೀದಿಗಿಳಿದಾಗ, ಅದಕ್ಕೆ ಯಾವುದೇ ಒಂದು ಸಂಘದ ನಾಯಕತ್ವವಿರಲಿಲ್ಲ. ಸರ್ಕಾರ ನಿಯಮವನ್ನು ಹಿಂಪಡೆಯಿತು. ಆದರೆ ಅದಕ್ಕೆ ಮುನ್ನ ನಗರದಲ್ಲಿ ಹಿಂಸಾಚಾರವೂ ನಡೆದಿತ್ತು. ಕುಳಿತು ಮಾತನಾಡಲು ಪ್ರತಿನಿಧಿಗಳಿಲ್ಲದಿದ್ದರೆ ಕಾರ್ಮಿಕರಷ್ಟೇ ಉದ್ಯಮವೂ ನಷ್ಟ ಅನುಭವಿಸುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಅಂಶವನ್ನು ಗಮನಿಸಿದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಘಟಕದಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು; ಅದರಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು, ಮಹಿಳೆಯರಿಗೂ ತಕ್ಕ ಪ್ರಾತಿನಿಧ್ಯ ದೊರೆಯಬೇಕು. ಇದನ್ನು ಕಡತ ತುಂಬುವ ಮತ್ತೊಂದು ವಿಧಿಯೆಂದು ಎಣಿಸದೆ, ದೂರು ಗೇಟಿನಾಚೆ ಹೋಗುವ ಮುನ್ನವೇ ಕಿವಿಗೊಡುವ ಏರ್ಪಾಡೆಂದು ತಿಳಿದರೆ ಉದ್ಯಮಿಗೇ ಲಾಭ. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕುವುದು ಮತ್ತು ಒಂದೇ ಕೆಲಸಕ್ಕೆ ಸ್ತ್ರೀಪುರುಷರಿಗೆ ಒಂದೇ ಕೂಲಿ ಕೊಡುವುದು ಇದರ ಮೊದಲ ಹೆಜ್ಜೆಯಾಗಬಹುದು.