ಕವಲುಗಳು ಕೂಡುವ ಹೊತ್ತು

ಸೊಲ್ಲಾಪುರದ ನಮ್ಮ ಪರಿಚಯದ ಮನೆಯೊಂದರಲ್ಲಿ ಮೂರು ವರ್ಷಗಳ ಹಿಂದೆ ದೀಪಾವಳಿ ಪಾಡ್ಯದ ಮಧ್ಯಾಹ್ನ. ಎಲ್ಲರಿಗೂ ಎಲೆ ಹಾಕಿಯಾಗಿತ್ತು. ಪುಣೆಯ ತಂತ್ರಾಂಶ ಕಂಪನಿಯೊಂದರಲ್ಲಿ ನೌಕರಿಯಲ್ಲಿರುವ ಮೊಮ್ಮಗ ಮಾತ್ರ ಮಾಳಿಗೆಯ ಕೋಣೆಯಿಂದ ಇಳಿದು ಬಂದಿರಲಿಲ್ಲ.

“ತಮ್ಮಾ, ಹಬ್ಬದ ದಿನಾನೂ ಪುರುಸೊತ್ತಿಲ್ಲೇನು? ಹೋಳಿಗಿ ಆರಾಕತ್ತಾವ” ಎಂದು ಆಯಿ ಕೆಳಗಿನಿಂದ ಕೂಗಿದರು.

“ಆಯೀ, ಹತ್ತು ಮಂದಿ ಬರದದ್ದನ್ನ ಒಂದರಾಗ ಕೂಡಸಬೇಕಾಗೇದ. ಕೂಡವೊಲ್ಲದು.”

“ಹತ್ತು ಮಂದಿ ಬರದದ್ದು ಎಂದರ ಕೂಡತದೇನು?” ಎಂದರು ಆಯಿ.

ಆಯಿ ನಗೆಯಾಡಿದ್ದರೂ ಆ ಪ್ರಶ್ನೆ ಗಣಕ ಲೋಕವನ್ನು ನಾಲ್ಕು ದಶಕಗಳಿಂದ ಕಾಡುತ್ತಿರುವಂಥದು. ನಮ್ಮ ಗಡಿನಾಡಿನ ಎಷ್ಟೋ ಮನೆಗಳ ಮಕ್ಕಳು ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ಈ ಕೆಲಸದಲ್ಲಿದ್ದಾರೆ. ಅವರ ನಿದ್ದೆ ಕೆಡಿಸುವ ಸಂಗತಿ ಯಾವುದೆಂಬುದನ್ನು ಹಿರಿಯರೂ ತಿಳಿದಿರಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ತಂತ್ರಾಂಶವೆಂದರೆ ಕೊನೆಗೂ ಒಂದು ಬರಹವೇ. ಲಕ್ಷಾಂತರ ಸಾಲುಗಳ ಆ ಬರಹವನ್ನು ಅನೇಕರು ಏಕಕಾಲಕ್ಕೆ ತಿದ್ದುತ್ತಾರೆ. ಪ್ರತಿಯೊಬ್ಬನೂ ಮೂಲದಿಂದ ತನ್ನದೊಂದು ಪ್ರತಿಯನ್ನು ಕವಲೊಡೆಸಿಕೊಂಡು, ತಿದ್ದಿ, ಮರಳಿ ಮೂಲಕ್ಕೆ ಸೇರಿಸಬೇಕು. ಈ ಸೇರಿಸುವಿಕೆಗೆ ಅವರು ‘ಮರ್ಜ್’ ಎನ್ನುತ್ತಾರೆ. ಸೇರಿಸಿದ ಬರಹವನ್ನು ಯಂತ್ರಕ್ಕೆ ತಿಳಿಯುವಂತೆ ಕಟ್ಟಿ ಪರೀಕ್ಷಿಸುವುದು ‘ಬಿಲ್ಡ್’.

ಇದರಲ್ಲಿ ಕಷ್ಟವೇನು? ನಮ್ಮ ಕಡೆಯ ಲಗ್ನಪತ್ರಿಕೆಯ ಉದಾಹರಣೆಯನ್ನೇ ನೋಡೋಣ. ಕರಡಿನ ಒಂದೊಂದು ಪ್ರತಿ ಇಬ್ಬರು ಅಣ್ಣತಮ್ಮಂದಿರ ಬಳಿ ಇದೆ. ಮದುವೆ ಅಕ್ಕಲಕೋಟೆಯಲ್ಲಿ ಎಂದಿದ್ದ ಸಾಲನ್ನು ಅಣ್ಣ ತಿದ್ದಿ ‘ಸೊಲ್ಲಾಪುರ’ ಮಾಡಿದ. ತಮ್ಮನಿಗೆ ಅದು ತಿಳಿಯದು. ಅವನು ಕೆಳಗೆ, ಬೇರೊಂದು ಸಾಲಿನಲ್ಲಿ, ಅಕ್ಕಲಕೋಟೆಗೆ ಹೋಗುವ ಬಸ್ಸಿನ ವೇಳೆಗಳನ್ನು ಸೇರಿಸಿದ. ಇಬ್ಬರೂ ಒಂದೇ ಸಾಲನ್ನು ಮುಟ್ಟಿಲ್ಲವಾದ್ದರಿಂದ ಅಚ್ಚುಕೂಟದವನು ಎರಡನ್ನೂ ನಿರಾತಂಕವಾಗಿ ಸೇರಿಸಿ ಅಚ್ಚು ಹಾಕಿದ. ಬೀಗರು ಎಲ್ಲಿ ಇಳಿದರೆಂಬುದನ್ನು ಓದುಗರೇ ಊಹಿಸಬಹುದು! ಒಂದೇ ಸಾಲನ್ನು ಇಬ್ಬರೂ ತಿದ್ದಿದ್ದರೆ ಜಗಳ ಕಣ್ಣಿಗೆ ಬೀಳುತ್ತಿತ್ತು. ಅಕ್ಷರಗಳು ಕೂಡಿ ಅರ್ಥ ಕೂಡದಿರುವುದೇ ಹೆಚ್ಚಿನ ಅಪಾಯ. ತಂತ್ರಾಂಶದಲ್ಲಿಯೂ ಒಬ್ಬನು ಒಂದು ಭಾಗದ ಹೆಸರನ್ನು ಎಲ್ಲೆಡೆ ಬದಲಿಸಿರುತ್ತಾನೆ. ಅದೇ ಹೊತ್ತಿಗೆ ಇನ್ನೊಬ್ಬನು ಹಳೆಯ ಹೆಸರಿನಿಂದಲೇ ಅದನ್ನು ಹೊಸದಾಗಿ ಕರೆದಿರುತ್ತಾನೆ. ಇಬ್ಬರದೂ ಬಿಡಿಯಾಗಿ ಸರಿ, ಕೂಡಿದರೆ ತಪ್ಪು.

ಮೊದಲು ಈ ತೊಡಕಿಗೆ ಬೀಗ ಹಾಕುತ್ತಿದ್ದರು. 1982ರಲ್ಲಿ ವಾಲ್ಟರ್ ಟಿಕಿ ಅವರು ಪ್ರಕಟಿಸಿದ ಆರ್‌ಸಿಎಸ್ ಪದ್ಧತಿಯಲ್ಲಿ ಒಬ್ಬನು ಕಡತವನ್ನು ತಿದ್ದಲು ತೆಗೆದುಕೊಂಡರೆ ಉಳಿದವರು ಕಾಯಬೇಕಿತ್ತು. ಆಮ್‌ಸ್ಟರ್‌ಡಾಮಿನ ಅಧ್ಯಾಪಕ ಡಿಕ್ ಗ್ರೂನ ಅವರಿಗೂ ಅವರ ಇಬ್ಬರು ವಿದ್ಯಾರ್ಥಿಗಳಿಗೂ ಕೆಲಸದ ವೇಳೆ ಹೊಂದುತ್ತಿರಲಿಲ್ಲ. ಆ ಅಗತ್ಯದಿಂದಲೇ ಹುಟ್ಟಿ 1986ರಲ್ಲಿ ಹೊರಬಂದ ಸಿವಿಎಸ್ ಬೀಗವನ್ನು ಕಿತ್ತೊಗೆಯಿತು: ಎಲ್ಲರೂ ತಿದ್ದಲಿ, ಕೂಡಿಸುವುದನ್ನು ಆಮೇಲೆ ನೋಡೋಣ. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ರಚಿಸಿದ ‘ಗಿಟ್’ ಕವಲೊಡೆಯುವುದನ್ನು ಕ್ಷಣಾರ್ಧದ ಕೆಲಸವಾಗಿಸಿತು. ಅದು ಇಬ್ಬರ ಪ್ರತಿಗಳನ್ನಷ್ಟೇ ನೋಡದೆ, ಅವೆರಡೂ ಹುಟ್ಟಿದ ಹಳೆಯ ಪ್ರತಿಯನ್ನೂ ಪಕ್ಕದಲ್ಲಿಟ್ಟುಕೊಂಡು ಯಾರು ಏನನ್ನು ಬದಲಿಸಿದರೆಂದು ತೂಗಿ ನೋಡುತ್ತದೆ. ಹಿಂದೊಮ್ಮೆ ಮನುಷ್ಯನು ಬಿಡಿಸಿದ ತೊಡಕು ಪುನಃ ಎದುರಾದರೆ ಅದೇ ರೀತಿ ಬಿಡಿಸುವ ಸೌಕರ್ಯವೂ ಅದರಲ್ಲುಂಟು. ಅದರ ಹೆಸರು ‘ರೆರೆರೆ’. ಹೆಸರಿಟ್ಟವರಿಗೆ ಕನ್ನಡದ ಪರಿಚಯವಿತ್ತೇ ಎಂದು ನಾವು ನಕ್ಕದ್ದುಂಟು.

ಲೈನಕ್ಸ್ ತಿರುಳಿನ ಕೆಲಸವಂತೂ ಈ ಕೂಡಿಕೆಯ ಮಹಾಜಾತ್ರೆ. ಪ್ರತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಡುತ್ತದೆ. ಅದರಲ್ಲಿ ಹೊಸ ಕವಲುಗಳಿಗೆ ಬಾಗಿಲು ತೆರೆದಿರುವುದು ಎರಡೇ ವಾರ. ಆ ಎರಡು ವಾರಗಳಲ್ಲಿ ಎಲ್ಲರೂ ಒಮ್ಮೆಲೇ ನುಗ್ಗಿದರೆ ಗತಿಯೇನು? ಇದನ್ನು ಮನಗಂಡು ಆಸ್ಟ್ರೇಲಿಯಾದ ಸ್ಟೀಫನ್ ರಾಥ್‌ವೆಲ್ 2008ರಲ್ಲಿ ‘ಲೈನಕ್ಸ್ ನೆಕ್ಸ್ಟ್’ ಎಂಬುದನ್ನು ಆರಂಭಿಸಿ ದೀರ್ಘಕಾಲ ನಡೆಸಿದರು. ಮುಂದೆ ಸೇರಬೇಕಾದ ನೂರಾರು ಕವಲುಗಳನ್ನು ಕೆಲಸದ ದಿನಗಳಲ್ಲೆಲ್ಲ ಒಂದರ ಮೇಲೊಂದು ಕೂಡಿಸಿ, ಕಟ್ಟಿ, ಎಲ್ಲಿ ಘರ್ಷಣೆಯೆಂದು ಮುಂಚಿತವಾಗಿ ತಿಳಿಸುವುದು ಅದರ ಕೆಲಸ.

ಇದನ್ನು ಯಂತ್ರಕ್ಕೇ ಒಪ್ಪಿಸುವ ಹಾದಿಯಲ್ಲಿ ಮುಖ್ಯವಾದ ತಿಳಿವಳಿಕೆಯೊಂದಿದೆ. ಕವಲನ್ನು ಒಂಟಿಯಾಗಿ ಪರೀಕ್ಷಿಸಿದರೆ ಸಾಲದು. ಇಂದಿನ ಮೂಲದೊಡನೆ ಅದು ಕೂಡಿದ ಮೇಲೆ ಏನಾಗುವುದೋ ಅದನ್ನು, ಕೂಡುವ ಮೊದಲೇ, ಪರೀಕ್ಷಿಸಬೇಕು. ಜೆಂಕಿನ್ಸ್ ಎಂಬ ಪ್ರಸಿದ್ಧ ಬಿಲ್ಡ್ ವ್ಯವಸ್ಥೆಯಲ್ಲಿ (2011ಕ್ಕಿಂತ ಮೊದಲು ಅದರ ಹೆಸರು ಹಡ್ಸನ್, ಕರ್ತೃ ಕೊಹ್ಸುಕೆ ಕವಾಗುಚಿ) ಮೊದಲು ತಾತ್ಕಾಲಿಕವಾಗಿ ಕೂಡಿಸಿ, ಬಿಲ್ಡ್ ಯಶಸ್ವಿಯಾದರೆ ಮಾತ್ರ ಮೂಲಕ್ಕೆ ತಳ್ಳುವ ಏರ್ಪಾಡನ್ನು ಮಾಡಿಕೊಳ್ಳಬಹುದು. ರಸ್ಟ್ ಭಾಷೆಯ ಜನಕ ಗ್ರೇಡನ್ ಹೋರ್ ತಮ್ಮ ತಂಡಕ್ಕಾಗಿ ‘ಬೋರ್ಸ್’ ಎಂಬ ಯಂತ್ರಸೇವಕನನ್ನೇ ಬರೆದರು. ಪರಿಶೀಲಕನು ಒಪ್ಪಿಗೆ ಬರೆದರೆ ಸಾಕು. ಬೋರ್ಸ್ ಕೂಡಿಸುತ್ತದೆ, ಪರೀಕ್ಷಿಸುತ್ತದೆ, ತೇರ್ಗಡೆಯಾದುದನ್ನೇ ಮೂಲದ ಪಟ್ಟಕ್ಕೇರಿಸುತ್ತದೆ. ಮೂಲವು ಸದಾ ಎಲ್ಲ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಿರಬೇಕು, ಅದನ್ನು ಯಂತ್ರವೇ ಕಾಯಬೇಕು ಎಂಬುದೇ ಅವರ ನಿಯಮ.

ಆದರೆ ಸರದಿಯ ಸಾಲು ಬೆಳೆಯುತ್ತದೆ. ಪರೀಕ್ಷೆಗೆ ಒಂದು ಗಂಟೆ ಹಿಡಿದು, ಇಪ್ಪತ್ತು ಕವಲುಗಳು ಕಾದಿದ್ದರೆ ಕೊನೆಯವನ ಸರದಿ ಮುಗಿಯಲು ಇಪ್ಪತ್ತು ಗಂಟೆ. ಓಪನ್‌ಸ್ಟ್ಯಾಕ್ ತಂಡದವರು 2012ರಲ್ಲಿ ಕಟ್ಟಿದ ‘ಜೂಲ್’ ಇದಕ್ಕೊಂದು ಜಾಣ ಉಪಾಯವನ್ನು ತಂದಿತು. ಮುಂದಿರುವವರೆಲ್ಲ ತೇರ್ಗಡೆಯಾಗುವರೆಂದೇ ಅದು ಭಾವಿಸುತ್ತದೆ. ಮೊದಲನೆಯದನ್ನು ಪರೀಕ್ಷಿಸುತ್ತಿರುವಾಗಲೇ, ಮೊದಲನೆಯದರ ಮೇಲೆ ಎರಡನೆಯದನ್ನು, ಅವೆರಡರ ಮೇಲೆ ಮೂರನೆಯದನ್ನು, ಹೀಗೆ ಎಲ್ಲವನ್ನೂ ಏಕಕಾಲಕ್ಕೆ ಪರೀಕ್ಷೆಗೆ ಹಚ್ಚುತ್ತದೆ. ಎಲ್ಲವೂ ಸುಸೂತ್ರವಾದರೆ, ಯಂತ್ರಗಳು ಸಾಕಷ್ಟಿದ್ದರೆ, ಇಪ್ಪತ್ತೂ ಸುಮಾರು ಒಂದೇ ಗಂಟೆಯಲ್ಲಿ ಒಳಗೆ. ನಡುವೆ ಒಂದು ಬಿದ್ದರೆ ಅದನ್ನು ಹೊರಗಿಟ್ಟು, ಅದರ ಹಿಂದಿನವಕ್ಕೆ ಮಾತ್ರ ಮರುಪರೀಕ್ಷೆ. ಗಿಟ್‌ಹಬ್ ಕೂಡ 2023ರಲ್ಲಿ ಇಂಥ ಸರದಿಯ ವ್ಯವಸ್ಥೆಯನ್ನು ಸಾರ್ವತ್ರಿಕವಾಗಿ ಒದಗಿಸಿತು.

ಆ ಹಬ್ಬದ ದಿನ ಮೊಮ್ಮಗನ ಕಂಪನಿಯಲ್ಲಿ ಇದಾವುದೂ ಇರಲಿಲ್ಲವೆಂದಲ್ಲ. ಇದ್ದುದು ಅರೆಬರೆಯ ಯಾಂತ್ರೀಕರಣ. ಗ್ರಾಹಕರ ಬಳಿಯಿರುವ ಹಳೆಯ ಆವೃತ್ತಿಯಲ್ಲಿ ಮಾಡಿದ ತಿದ್ದುಪಡಿಯು ಹೊಸ ಆವೃತ್ತಿಗೂ ಹರಿಯಬೇಕೆಂದು ಪ್ರತಿ ರಾತ್ರಿ ಕೂಡಿಸುವ ಆಜ್ಞಾವಳಿಯೊಂದನ್ನು ಯಾರೋ ಬರೆದಿಟ್ಟಿದ್ದರು. ಘರ್ಷಣೆ ಕಂಡರೆ ನಿಂತು ಮನುಷ್ಯನನ್ನು ಕರೆಯುವ ಬದಲು, ಹೊಸ ಆವೃತ್ತಿಯ ಸಾಲನ್ನೇ ಉಳಿಸಿಕೊಳ್ಳುವಂತೆ ಅದಕ್ಕೆ ಹೇಳಿಕೊಟ್ಟಿದ್ದರು. ಯಂತ್ರ ಹೇಳಿದಂತೆಯೇ ಮಾಡಿತು. ಮೂರು ವಾರದ ಹಿಂದೆ ಈ ಹುಡುಗನೇ ಹಳೆಯ ಆವೃತ್ತಿಯಲ್ಲಿ ಸರಿಪಡಿಸಿದ್ದ ಲೆಕ್ಕದ ತಪ್ಪು ಹೊಸದರಲ್ಲಿ ಹಾಗೆಯೇ ಉಳಿದು ಗ್ರಾಹಕರ ಬಿಲ್ಲುಗಳಲ್ಲಿ ಕಾಣಿಸಿಕೊಂಡಿತು. ಅದನ್ನು ಹಿಡಿಯುವ ಪರೀಕ್ಷೆಯನ್ನು ಯಾರೂ ಬರೆದಿರಲಿಲ್ಲವಾಗಿ ಬಿಲ್ಡ್‌ಗಳೆಲ್ಲ ಹಸಿರು ದೀಪವನ್ನೇ ತೋರುತ್ತಿದ್ದವು. ದೂರು ಬಂದಾಗ ಮೊದಲು ಬೈಸಿಕೊಂಡವನೂ ಇವನೇ. ಘರ್ಷಣೆಯನ್ನು ಮುಚ್ಚಿಹಾಕುವ ಯಂತ್ರಕ್ಕಿಂತ, ಕೈಯಿಂದ ಕೂಡಿಸುವ ಬೇಸರದ ಕೆಲಸವೇ ಲೇಸೆಂಬುದು ನಮ್ಮ ಅಭಿಪ್ರಾಯ. ಅಂದು ಅವನು ಉಂಡದ್ದು ರಾತ್ರಿ ಒಂಬತ್ತಕ್ಕೆ.

ಆಮೇಲೆ ಅವರ ತಂಡ ಆ ಆಜ್ಞಾವಳಿಯನ್ನು ಕಿತ್ತುಹಾಕಿ, ಕೂಡಿಸಿ ಪರೀಕ್ಷಿಸುವ ಸರದಿಯನ್ನು ಅಳವಡಿಸಿಕೊಂಡಿತು. ತಪ್ಪೊಂದನ್ನು ತಿದ್ದಿದವನು ಅದರ ಜೊತೆಗೇ ಒಂದು ಪರೀಕ್ಷೆಯನ್ನೂ ಬರೆಯಬೇಕೆಂಬ ಕಟ್ಟಳೆಯೂ ಬಂತು. ಕಳೆದ ಪಾಡ್ಯಕ್ಕೆ ನಾವು ಆ ಮನೆಯಲ್ಲಿಯೇ ಇದ್ದೆವು. ಹುಡುಗ ಮುತ್ಯಾನ ಪಕ್ಕದಲ್ಲಿ ಪಂಕ್ತಿಗೆ ಕುಳಿತಿದ್ದ. ನಡುವೆ ಫೋನು ಒಮ್ಮೆ ಗುಂಯ್‌ಗುಟ್ಟಿತು.

“ಮತ್ತ ಏನಾತೋ?” ಎಂದರು ಆಯಿ.

“ಸರದ್ಯಾಗ ನಾಕನೇದ್ದು ಬಿತ್ತಂತ, ಆಯೀ. ಅದನ್ನ ಬರದಾಂವಗ ಹೇಳ್ಯದ. ಉಳದದ್ದೆಲ್ಲಾ ಕೂಡ್ಯಾವ” ಎಂದವನು ಫೋನನ್ನು ಬೋರಲು ಹಾಕಿ, ಇನ್ನೊಂದು ಹೋಳಿಗೆಗೆ ಎಲೆಯಲ್ಲಿ ಜಾಗ ಮಾಡಿಕೊಂಡ.