ದೊಡ್ಡ ಗಡಿಯಾರದಲ್ಲಿ ಗಂಟೆ ಎಷ್ಟು?

ಈ ಸಲ ದಸರಾ ರಜೆಗೆ ಬೆಂಗಳೂರಿನಿಂದ ಮೈಸೂರಿಗೆ ಬಂದ ಮೊಮ್ಮಗ ಚಪ್ಪಲಿ ಬಿಡುವ ಮೊದಲೇ ಬೇಡಿಕೆ ಇಟ್ಟ. "ಅಜ್ಜಿ, ನಂಗೆ ಟಾಂಗಾದಲ್ಲಿ ಕೂತ್ಕೊಂಡು ಲೈಟಿಂಗ್ ನೋಡ್ಬೇಕು. ಬಸ್ಸು ಬೇಡ, ಕಾರು ಬೇಡ. ಬೇರೆ ಯಾರೂ ಬೇಡ, ನಾವಿಬ್ರೇ."

ಅವನಿಗೆ ೧೦ ವರ್ಷ, ನನಗೆ ೭೧. ಹೂಂ ಅಂದೆ. ಆದರೆ ಒಳಗೊಳಗೇ ಅಳುಕು.

ಯಾಕೆಂದರೆ ನನ್ನಲ್ಲೊಂದು ಗುಟ್ಟಿತ್ತು. ಎರಡು ವರ್ಷದಿಂದ ಕಣ್ಣು ಮಂಜಾಗುತ್ತ ಬಂದಿತ್ತು. ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಸಂಜೆಯಾದರೆ ಒಂದೊಂದು ಬೀದಿದೀಪವೂ ಸುತ್ತ ಹಳದಿ ಬಳೆ ತೊಟ್ಟ ಹಾಗೆ ಕಾಣುತ್ತಿತ್ತು. ಡಾಕ್ಟರು ನೋಡಿ, "ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಸಿಬಿಡಿ" ಅಂದಿದ್ದರು. ನಾನು ಆ ಚೀಟಿಯನ್ನು ಸೀರೆಗಳ ಕೆಳಗಿಟ್ಟು, ಮಗಳಿಗೂ ಹೇಳದೆ ಸುಮ್ಮನಿದ್ದೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಅಜ್ಜಿಗೆ ಪೊರೆ ತೆಗೆಸಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಅಲುಗಿಸದೆ ದಿನಗಟ್ಟಲೆ ಮಲಗಿದ್ದರು ಪಾಪ. ಆಮೇಲೆ ಸೋಡಾ ಬಾಟಲಿಯ ತಳದಂಥ ಕನ್ನಡಕ. ಅದು ನನ್ನ ಮನಸ್ಸಿನಿಂದ ಹೋಗಿರಲಿಲ್ಲ.

ಗುಟ್ಟು ಬಯಲಾಗುವ ಸೂಚನೆ ಮನೆಯಲ್ಲೇ ಸಿಕ್ಕಿತು. ಗೊಂಬೆ ಕೂರಿಸುವಾಗ ಪಟ್ಟದ ರಾಣಿಯನ್ನು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿಬಿಟ್ಟಿದ್ದೆ. ಮೊಮ್ಮಗ ನೋಡಿ, "ಯಾಕಜ್ಜಿ, ರಾಣಿಗೆ ಪನಿಶ್‌ಮೆಂಟಾ?" ಅಂದ. ನಕ್ಕು ಮಾತು ತೇಲಿಸಿದೆ.

ಆಯುಧಪೂಜೆ, ಜಂಬೂಸವಾರಿ ಹತ್ತಿರವಾದಂತೆ ಮೈಸೂರಿನ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೇ ನವರಾತ್ರಿಯ ಎರಡನೇ ದಿನವೇ ಹೊರಟೆವು. ಟಾಂಗಾ ಸಾಹೇಬರು ಬಿಳಿ ಗಡ್ಡದವರು. ಎರಡು ಗಂಟೆಗೆ ಇಷ್ಟು ಎಂದು ಮಾತಾಡಿಕೊಂಡು, ನನಗೆ ಹತ್ತಲು ಕೈ ಕೊಟ್ಟರು. ಮೊಮ್ಮಗ ಅವರ ಪಕ್ಕದಲ್ಲಿ, ಮುಂದೆ ಕೂತ.

"ಕುದುರೆ ಕಣ್ಣಿನ ಪಕ್ಕ ಚರ್ಮದ ಪಟ್ಟಿ ಯಾಕೆ?" ಅವನ ಮೊದಲ ಪ್ರಶ್ನೆ.

"ಅಕ್ಕಪಕ್ಕದ ಗಾಡಿ, ದೀಪ ಕಂಡರೆ ಬೆದರುತ್ತೆ ಮರಿ. ಪಟ್ಟಿ ಇದ್ದರೆ ಮುಂದಿನ ದಾರಿ ಮಾತ್ರ ಕಾಣುತ್ತೆ. ಹೆದರಿಕೆ ಇಲ್ಲ," ಅಂದರು ಸಾಹೇಬರು.

ಮೊದಲು ಹೋದದ್ದು ಜಗನ್ಮೋಹನ ಅರಮನೆಗೆ. ಅಲ್ಲಿಯ ಚಿತ್ರಶಾಲೆ ಅಷ್ಟು ಹೊತ್ತಿಗೆ ಬಾಗಿಲು ಹಾಕಿತ್ತು. ಮುಂಭಾಗಕ್ಕೆ ಮಾತ್ರ ಬೆಳಕು ಬಿದ್ದಿತ್ತು. ೧೮೬೧ರಲ್ಲಿ ಕಟ್ಟಿದ ಈ ಅರಮನೆ ಕಷ್ಟಕಾಲದಲ್ಲಿ ರಾಜಮನೆತನಕ್ಕೆ ಆಸರೆಯಾಯಿತು. ೧೮೯೭ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲೇ ಕೋಟೆಯೊಳಗಿನ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಹೊಸದನ್ನು ಕಟ್ಟಿ ಮುಗಿಸುವವರೆಗೆ ದರ್ಬಾರು, ಸಮಾರಂಭಗಳೆಲ್ಲ ಇಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರು ೧೯೦೨ರಲ್ಲಿ ಅಧಿಕಾರ ವಹಿಸಿಕೊಂಡದ್ದೂ ಈ ಅರಮನೆಯಲ್ಲೇ.

"ದೀಪ ಹಿಡ್ಕೊಂಡಿರೋ ಹುಡುಗಿ ಚಿತ್ರ ಇರೋದು ಇಲ್ಲೇ ಅಲ್ವಾ? ಹೋದ ವರ್ಷ ತೋರಿಸಿದ್ದೆ," ಅಂದ ಮೊಮ್ಮಗ.

ಹೌದು. ಹಳದಂಕರ್ ಎಂಬ ಕಲಾವಿದರು ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದ ಜಲವರ್ಣದ ಚಿತ್ರ ಅದು. ಹುಡುಗಿ ಒಂದು ಕೈಯಲ್ಲಿ ದೀಪ ಹಿಡಿದಿದ್ದಾಳೆ. ಗಾಳಿಗೆ ಆರದಿರಲೆಂದು ಇನ್ನೊಂದು ಕೈ ಅಡ್ಡ ಕೊಟ್ಟಿದ್ದಾಳೆ. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಹೊಳೆಯುವುದನ್ನು ನೋಡಿ ಅವನು ಚಿತ್ರದ ಹಿಂದೆ ಬಲ್ಬು ಇಟ್ಟಿದ್ದಾರೆ ಅಂದುಕೊಂಡಿದ್ದ. ಒಂದೇ ಒಂದು ದೀಪ, ಅದೂ ಬಣ್ಣದ್ದು!

ಅಲ್ಲಿಂದ ಕೆ. ಆರ್. ವೃತ್ತಕ್ಕೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ನಡುವೆ ನಾಲ್ವಡಿಯವರ ಅಮೃತಶಿಲೆಯ ಪ್ರತಿಮೆ, ಸುತ್ತ ದೀಪದ ಸರಗಳು. ನನಗೆ ಕತೆ ಹೇಳುವ ಹುರುಪು ಬಂತು.

"ಈ ದೀಪಗಳಿಗೆ ಕರೆಂಟು ಎಲ್ಲಿಂದ ಬಂತು ಗೊತ್ತೇನೋ? ಕಾವೇರಿ ನೀರಿನಿಂದ. ಶಿವನಸಮುದ್ರದಲ್ಲಿ ನೀರು ಧುಮುಕುತ್ತಲ್ಲ, ಅದರ ರಭಸದಿಂದ ಯಂತ್ರ ತಿರುಗಿಸಿ ೧೯೦೨ರಲ್ಲೇ ವಿದ್ಯುತ್ ಮಾಡಿದರು. ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ೧೯೦೫ರಲ್ಲಿ ನಿಮ್ಮ ಬೆಂಗಳೂರಿಗೆ. ನಮ್ಮ ಮೈಸೂರಿಗೆ ಬಂದದ್ದು ೧೯೦೮ರಲ್ಲಿ."

"ಅಂದ್ರೆ ಮೈಸೂರು ಥರ್ಡ್!" ಎಂದು ಛೇಡಿಸಿದ.

"ನಿಧಾನವಾಗಿ ಬಂದರೇನು, ಇವತ್ತು ದೀಪ ನೋಡೋಕೆ ನೀನೇ ಇಲ್ಲಿಗೆ ಬಂದೆಯಲ್ಲ," ಅಂದೆ. ಸಾಹೇಬರು ನಕ್ಕರು.

ನನ್ನ ಅಜ್ಜಿ ಆಗ ಪುಟ್ಟ ಹುಡುಗಿ. ಎಣ್ಣೆಯಿಲ್ಲದೆ ಬತ್ತಿಯಿಲ್ಲದೆ ಉರಿಯುವ ದೀಪ ನೋಡಲು ಅಪ್ಪನ ಹೆಗಲ ಮೇಲೆ ಕೂತು ಬಂದಿದ್ದರಂತೆ. ಬೀದಿಯಲ್ಲಿ ಒಬ್ಬ ಮುದುಕ ಬಾಯಲ್ಲಿ ಊದಿ ಆರಿಸಲು ನೋಡಿದನಂತೆ! ಇದನ್ನು ಅವರು ನೂರು ಸಲ ಹೇಳಿದ್ದರು, ನಾವು ನೂರು ಸಲ ನಕ್ಕಿದ್ದೆವು.

ದೇವರಾಜ ಮಾರುಕಟ್ಟೆಯ ಮುಂದೆ ಚಿಕ್ಕ ಗಡಿಯಾರ. ೧೮೮೬ರಲ್ಲಿ ವೈಸರಾಯ್ ಡಫರಿನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ಅಲ್ಲಿ ನನಗೆ ಕಣ್ಣು ಬೇಕಾಗಲಿಲ್ಲ. ಮೈಸೂರು ಮಲ್ಲಿಗೆಯ ವಾಸನೆ, ಬಾಳೆಹಣ್ಣಿನ ವಾಸನೆ, ಊದುಬತ್ತಿಯ ವಾಸನೆ ಎಲ್ಲಿದ್ದೇನೆಂದು ಹೇಳಿಬಿಟ್ಟವು. ಎರಡು ಮೊಳ ಮಲ್ಲಿಗೆ ಕೊಂಡೆ. ಒಂದು ಮೊಳವನ್ನು ಸಾಹೇಬರು ಕುದುರೆಯ ಕುತ್ತಿಗೆಗೆ ಕಟ್ಟಿದರು.

ಮುಂದಿನದೇ ದೊಡ್ಡ ಗಡಿಯಾರ. ಟಾಂಗಾ ಪುರಭವನದ ಪಕ್ಕದಲ್ಲಿ ನಿಂತಿತು. ೧೮೮೧ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದ ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ ಭವನ ಅದು. ಎದುರಿಗೆ ೭೫ ಅಡಿ ಎತ್ತರದ ಗಡಿಯಾರದ ಗೋಪುರ. ನಾಲ್ವಡಿಯವರ ಆಳ್ವಿಕೆಗೆ ೨೫ ವರ್ಷ ತುಂಬಿದಾಗ, ೧೯೨೭ರಲ್ಲಿ, ಅರಮನೆಯ ನೌಕರರು ಸೇರಿ ಕಟ್ಟಿಸಿದ್ದು.

"ಆರು ನಲವತ್ತು," ಎಂದ ಮೊಮ್ಮಗ ಮುಳ್ಳು ನೋಡಿ. ಮರುಕ್ಷಣವೇ ಕೂಗಿದ. "ಅಜ್ಜಿ, ಇದರಲ್ಲಿ ನಂಬರೇ ಇಲ್ಲ! ಏನೇನೋ ಅಕ್ಷರ ಬರೆದಿದ್ದಾರೆ."

"ಅವು ಅಕ್ಷರವಲ್ಲ ಕಣೋ, ಕನ್ನಡದ ಅಂಕಿ."

"ಕನ್ನಡದಲ್ಲೂ ಬೇರೆ ಅಂಕಿ ಇದ್ಯಾ? ಹಾಗಾದ್ರೆ ದೊಡ್ಡ ಮುಳ್ಳು ಇರೋದು ಎಂಟರ ಹತ್ರ. ಎಂಟು ಅಂದ್ರೆ ಹಾಗೇನಾ? ನೋಡು, ನೋಡು."

"ಹೂಂ ಹೌದು, ಹಾಗೇ," ಅಂದೆ, ಎದುರಿಗಿದ್ದ ದೊಡ್ಡ ಬೆಳಕನ್ನೇ ನೋಡುತ್ತ.

ಅವನು ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ. "ಅಜ್ಜಿ, ಗಡಿಯಾರ ಆ ಕಡೆ ಇದೆ. ನೀನು ನೋಡ್ತಾ ಇರೋದು ಬೀದಿದೀಪ."

ಕುದುರೆ ಗೊರಸು ಕುಟ್ಟುವ ಸದ್ದು ಮಾತ್ರ ಕೇಳುತ್ತಿತ್ತು. ಸಾಹೇಬರು ಬೇರೆ ಕಡೆ ತಿರುಗಿ ಲಗಾಮು ಸರಿಮಾಡಿದರು.

"ನಿಂಗೆ ಕಾಣಿಸಲ್ವಾ ಅಜ್ಜಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಪುಟ್ಟ. ಗಡಿಯಾರ ಇದೆ ಅಂತ ಗೊತ್ತು. ಕಾಣಿಸ್ತಾ ಇಲ್ಲ."

ಅವನು ಹಿಂದಿನ ಸೀಟಿಗೆ ದಾಟಿ ನನ್ನ ಪಕ್ಕ ಕೂತ. ನನ್ನ ಅಂಗೈ ಎಳೆದುಕೊಂಡು ಬೆರಳಿನಿಂದ ಏನೋ ಬರೆದ. "ದೊಡ್ಡ ಮುಳ್ಳಿನ ಹತ್ರ ಇರೋದು ಹೀಗಿದೆ."

೮. ಅಂಗೈಗೆ ತಕ್ಷಣ ಗೊತ್ತಾಯಿತು. "ಎಂಟು!" ಅಂದೆ.

"ಇದು?"

"೭. ಏಳು."

"ಇದು? ಕೆಳಗಡೆ ಇದೆ."

"೬. ಆರು. ನೋಡಿಕೋ, ಆರು ಮತ್ತು ಒಂಬತ್ತು ಅಕ್ಕತಂಗಿಯರು. ಕೊನೆಯ ತಿರುವೊಂದೇ ಬೇರೆ. ನಾನು ಸ್ಕೂಲಲ್ಲಿ ಅದಲುಬದಲು ಬರೆದು ಮೇಷ್ಟರ ಹತ್ತಿರ ಕಿವಿ ಹಿಂಡಿಸಿಕೊಂಡಿದ್ದೆ."

ಹೀಗೆ ಗಡಿಯಾರದ ಸುತ್ತ ಒಂದು ಸುತ್ತು ಬಂದೆವು. ಅವನಿಗೆ ಕಾಣುತ್ತಿತ್ತು, ಓದಲು ಬರುತ್ತಿರಲಿಲ್ಲ. ನನಗೆ ಓದಲು ಬರುತ್ತಿತ್ತು, ಕಾಣುತ್ತಿರಲಿಲ್ಲ. ಇಬ್ಬರೂ ಸೇರಿ ಹನ್ನೆರಡೂ ಅಂಕಿ ಓದಿ ಮುಗಿಸಿದೆವು.

"ಅಮ್ಮಾ, ಏಳಕ್ಕೆ ಅರಮನೆ ದೀಪ," ಎಂದು ಸಾಹೇಬರು ನೆನಪಿಸಿದರು. ಚಾಮರಾಜ ವೃತ್ತ ದಾಟಿ, ಬಾಗಿಲ ಹತ್ತಿರ ಇಳಿದು, ಮೊಮ್ಮಗನ ಕೈ ಹಿಡಿದು ಒಳಗೆ ನಡೆದೆ. ಅಂಗಳದಲ್ಲಿ ಸಾವಿರಾರು ಜನ. ಕತ್ತಲಲ್ಲಿ ಅರಮನೆ ಕರಿಮೋಡದ ಹಾಗೆ ಕೂತಿತ್ತು. ಇದ್ದಕ್ಕಿದ್ದಂತೆ ಎಲ್ಲರ ಬಾಯಿಂದಲೂ ಒಂದೇ ಸಲ "ಓ" ಎಂಬ ಉದ್ಗಾರ. ನನಗೆ ಗೊತ್ತಾಯಿತು, ದೀಪ ಹತ್ತಿತು.

ಎಷ್ಟು ಸಲ ನೋಡಿದ್ದೆ! ಲಕ್ಷದ ಹತ್ತಿರದಷ್ಟು ಬಲ್ಬುಗಳು. ಗೋಡೆಯ ಮೇಲೆ ಬೆಳಕು ಚೆಲ್ಲುವುದಿಲ್ಲ ಅವು. ಕಮಾನು, ಕಂಬ, ಗುಮ್ಮಟಗಳ ಅಂಚಿನಲ್ಲಿ ಸಾಲಾಗಿ ಕೂತು, ಕತ್ತಲ ಮೇಲೆ ಚುಕ್ಕಿ ಚುಕ್ಕಿಯಾಗಿ ಅರಮನೆಯನ್ನು ಬರೆಯುತ್ತವೆ. ಆದರೆ ಅಂದು ನನಗೆ ಕಂಡದ್ದು, ಚುಕ್ಕಿ ರಂಗೋಲಿಯ ಮೇಲೆ ಮಳೆ ಬಿದ್ದು ಎಲ್ಲ ಕಲಸಿಹೋದ ಹಾಗೆ ಒಂದು ದೊಡ್ಡ ಹಳದಿ ಮುದ್ದೆ. ಗಂಟಲು ಕಟ್ಟಿತು.

"ನೀನೇ ಹೇಳೋ ಪುಟ್ಟ, ಏನೇನು ಕಾಣುತ್ತೆ?"

ಅವನು ಹೇಳಿದ. ಮಧ್ಯದಲ್ಲಿ ಎತ್ತರದ ಗೋಪುರ. "ಅದು ೧೪೫ ಅಡಿ," ಅಂದೆ ನಾನು. ಮುಂದಿನ ದೊಡ್ಡ ಕಮಾನಿನ ಮೇಲೆ ಯಾವುದೋ ವಿಗ್ರಹ. "ಗಜಲಕ್ಷ್ಮಿ," ಅಂದೆ. ಯಾರು ಕಟ್ಟಿದ್ದು ಎಂದು ಕೇಳಿದ. ಸುಟ್ಟುಹೋದ ಅರಮನೆಯ ಜಾಗದಲ್ಲಿ, ನಾಲ್ವಡಿಯವರು ಇನ್ನೂ ಬಾಲಕರಾಗಿದ್ದಾಗ, ತಾಯಿ ವಾಣಿವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ ಎಂಬ ಶಿಲ್ಪಿಗೆ ಒಪ್ಪಿಸಿ ಕಟ್ಟಿಸಲು ತೊಡಗಿದ್ದು, ೧೯೧೨ರಲ್ಲಿ ಮುಗಿದದ್ದು, ಈ ಸಲ ಕಲ್ಲಿನಲ್ಲೇ ಕಟ್ಟಿದ್ದು, ಎಲ್ಲ ಹೇಳಿದೆ. ಬಹಳ ಹೊತ್ತು ಅಲ್ಲೇ ನಿಂತೆವು. ಅವನ ಕಣ್ಣಿನಿಂದ ನಾನು ನೋಡಿದೆ.

ಆದರೆ ಟಾಂಗಾದಲ್ಲಿ ಹಿಂದಿರುಗುವಾಗ ಅವನು ಒಂದು ಮಾತು ಕೇಳಿದ. "ನಾನು ಬೆಂಗಳೂರಿಗೆ ಹೋದ್ಮೇಲೆ ನಿಂಗೆ ಯಾರು ಹೇಳ್ತಾರೆ ಅಜ್ಜಿ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಸೀರೆಗಳ ಕೆಳಗಿದ್ದ ಚೀಟಿ ತೆಗೆದು ಮಗಳಿಗೆ ಕೊಟ್ಟೆ. ಅವಳು ಬೈದಳು, ಅತ್ತಳು, ಮಾರನೆಯ ದಿನವೇ ಡಾಕ್ಟರಿಗೆ ಫೋನ್ ಮಾಡಿದಳು.

ಹೆದರುವ ಅಜ್ಜಿ ತಾತಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪೊರೆ ಅಂದರೆ ಕಣ್ಣಿನೊಳಗಿನ ಮಸೂರ ಮಬ್ಬಾಗುವುದು, ಲಾಟೀನಿನ ಗಾಜಿಗೆ ಮಸಿ ಹಿಡಿದ ಹಾಗೆ. ಹೊರಗಿನಿಂದ ಒರೆಸಿದರೆ ಹೋಗುವ ಮಸಿಯಲ್ಲ ಅದು. ನನಗೆ ಹನಿ ಹಾಕಿ ಕಣ್ಣು ಮರಗಟ್ಟಿಸಿದರು. ಮಬ್ಬಾದ ಮಸೂರ ತೆಗೆದು ಪುಟ್ಟ ಹೊಸ ಮಸೂರ ಕೂರಿಸಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಸಂಜೆಗೆ ಮನೆಯಲ್ಲಿದ್ದೆ. ಕೆಲವು ವಾರ ಹೊತ್ತುಹೊತ್ತಿಗೆ ಔಷಧಿಯ ಹನಿ ಹಾಕಿಕೊಂಡದ್ದೇ ದೊಡ್ಡ ಕೆಲಸ. ನಮ್ಮಜ್ಜಿ ಪಟ್ಟ ಕಷ್ಟ ನಾನು ಪಡಲಿಲ್ಲ. ಎರಡು ವರ್ಷ ಸುಮ್ಮನೆ ಹೆದರಿದ್ದೇ ನಷ್ಟ.

ಅರಮನೆಗೆ ದಸರೆಯಲ್ಲಷ್ಟೇ ಅಲ್ಲ, ಭಾನುವಾರಗಳಂದೂ ಸಂಜೆ ದೀಪ ಹಚ್ಚುತ್ತಾರೆ. ಮೊನ್ನೆ ಭಾನುವಾರ ಮಗಳ ಜೊತೆ ಹೋದೆ. ದಾರಿಯಲ್ಲಿ ದೊಡ್ಡ ಗಡಿಯಾರದ ಹತ್ತಿರ ಆಟೋ ನಿಲ್ಲಿಸಿದೆ. ದೊಡ್ಡ ಮುಳ್ಳು ಎಲ್ಲಿದೆ ನೋಡಿದೆ. ಅಂಕಿ ನೋಡಿದೆ. ನಿಂತಲ್ಲಿಂದಲೇ ಮೊಮ್ಮಗನಿಗೆ ಫೋನ್ ಮಾಡಿದೆ.

"ಪುಟ್ಟ, ಗಂಟೆ ಆರೂವರೆ. ನಾನೇ ನೋಡಿದೆ."

"ದೊಡ್ಡ ಮುಳ್ಳು ಆರರ ಮೇಲಾ? ಒಂಬತ್ತು ಅಂದ್ಕೊಂಡಿಲ್ಲ ತಾನೆ?" ಎಂದು ಪರೀಕ್ಷೆ ಮಾಡಿದ. ಅವನೀಗ ಗಣಿತದ ರಫ್ ಪುಸ್ತಕದಲ್ಲಿ ಮೂಲೆಯಲ್ಲೆಲ್ಲ ಕನ್ನಡ ಅಂಕಿ ಬರೆಯುತ್ತಾನಂತೆ.

ಮಕ್ಕಳೇ, ಈ ಬರಹದಲ್ಲಿ ಇಸವಿಗಳನ್ನೆಲ್ಲ ನಾನು ಕನ್ನಡ ಅಂಕಿಯಲ್ಲೇ ಬರೆದಿದ್ದೇನೆ. ಓದಲು ಬಾರದಿದ್ದರೆ ಮನೆಯಲ್ಲಿರುವ ಅಜ್ಜಿಯನ್ನೋ ತಾತನನ್ನೋ ಕೇಳಿ. ಪುಟ ಅವರ ಮುಂದೆ ಹಿಡಿದಾಗ, ಅಂಕಿ ಅವರಿಗೆ ನಿಜವಾಗಿ ಕಾಣುತ್ತಿದೆಯೇ ಎಂಬುದನ್ನೂ ಸ್ವಲ್ಪ ನೋಡಿ. ಕಾಣುತ್ತೆ ಅಂತಲೇ ಹೇಳುತ್ತಾರೆ ಅವರು. ನಂಬಬೇಡಿ. ಅಂಗೈ ಹಿಡಿದು ಇನ್ನೊಂದು ಸಲ ಕೇಳಿ.