ಮುಟ್ಟಾಳೆಯ ವಿಜ್ಞಾನ

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಂಬ್ರವೆಂಬ ಊರಿದೆ. ಸುತ್ತಲೂ ಅಡಿಕೆಯ ತೋಟಗಳು. ಈ ಭಾಗದ ಸಂತೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಬುಟ್ಟಿ, ಮಡಕೆ, ಹಿಡಿಸೂಡಿಗಳ ನಡುವೆ, ಒಂದರೊಳಗೊಂದು ಸೇರಿಸಿಟ್ಟ ಕಂದುಬಣ್ಣದ ಟೊಪ್ಪಿಗಳು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತವೆ. ಇದೇ ಮುಟ್ಟಾಳೆ. ಹೊರಗಿನಿಂದ ಬಂದವರು ಅದನ್ನು ಸೋಜಿಗದಿಂದ ಎತ್ತಿ ನೋಡುತ್ತಾರೆ. ಗೋಡೆಯ ಮೇಲೆ ತೂಗುಹಾಕಲು ಕೊಂಡೊಯ್ಯುವವರೂ ಉಂಟು. ಆದರೆ ಅದು ಅಲಂಕಾರಕ್ಕಾಗಿ ಹುಟ್ಟಿದ ವಸ್ತುವಲ್ಲ. ಬಿಸಿಲಿನಲ್ಲಿ ದುಡಿಯುವವರ, ತಲೆಯ ಮೇಲೆ ಹೊರೆ ಹೊರುವವರ ಉಪಯೋಗಕ್ಕಾಗಿ ಹುಟ್ಟಿದುದು. ಮರದಿಂದ ಉದುರಿದ ಕಸವೊಂದು ಇಂಥ ಕೆಲಸಕ್ಕೆ ಹೇಗೆ ಒದಗುತ್ತದೆಂಬುದನ್ನು ವಿಚಾರಿಸೋಣ.

ಮುಟ್ಟಾಳೆಯ ಮೂಲವಸ್ತು ಅಡಿಕೆಯ ಹಾಳೆ. ಅಡಿಕೆಯ ಸೋಗೆಯ ಬುಡವು ಅಗಲವಾಗಿ ಹರಡಿ, ಮರದ ತುದಿಯನ್ನು ಕೊಳವೆಯಂತೆ ಸುತ್ತಿಕೊಂಡಿರುತ್ತದೆ. ಒಳಗಿನ ಎಳೆಯ ಸುಳಿಯನ್ನೂ ಮೂಡುತ್ತಿರುವ ಹೊಂಬಾಳೆಯನ್ನೂ ಕಾಪಾಡುವುದು ಅದರ ಕೆಲಸ. ಸೋಗೆ ಹಣ್ಣಾದಾಗ ಹಾಳೆಯೊಡನೆ ಕಳಚಿ ಬೀಳುತ್ತದೆ. ಒಂದು ಮರದಿಂದ ವರ್ಷಕ್ಕೆ ಸುಮಾರು 5ರಿಂದ 7 ಹಾಳೆಗಳು ದೊರೆಯುತ್ತವೆ.

ಹಾಳೆಯನ್ನು ಸೀಳಿ ನೋಡಿದರೆ ಉದ್ದಕ್ಕೆ ಸಾಲಾಗಿ ಓಡುವ ನಾರುಗಳು ಕಾಣುತ್ತವೆ. ಇವುಗಳ ಬಲಕ್ಕೆ ಕಾರಣ ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ದ್ರವ್ಯಗಳು. ನಾರುಗಳ ನಡುವೆ ಗಾಳಿ ತುಂಬಿದ ಸಡಿಲವಾದ ಅಂಗಾಂಶವಿದೆ. ಗಾಳಿಯು ಉಷ್ಣವನ್ನು ಸುಲಭವಾಗಿ ಸಾಗಿಸದು. ಆದುದರಿಂದ ಬಿಸಿಲಿನ ಕಾವು ತಲೆಗೆ ತಟ್ಟುವುದು ಕಡಮೆ. ಅದೇ ಸಡಿಲವಾದ ಪದರವು ಹೊರೆಯ ಒತ್ತಡವನ್ನು ಹಂಚಿಕೊಳ್ಳುವ ಮೆತ್ತೆಯೂ ಆಗುತ್ತದೆ. ಹಾಳೆಯ ಮೈಮೇಲಿನ ಮೇಣದಂಥ ತೆಳುಪೊರೆಯು ನೀರು ಒಡನೆಯೇ ಇಳಿಯದಂತೆ ತಡೆಯುತ್ತದೆ.

ಒಣಗಿದ ಹಾಳೆಯನ್ನು ಬಲವಾಗಿ ಬಾಗಿಸಿದರೆ ಅದು ಸೀಳುತ್ತದೆ. ಆದುದರಿಂದ ಕುಶಲಿಯು ಅದನ್ನು ಮೊದಲು ನೀರಿನಲ್ಲಿ ನೆನೆಸುತ್ತಾನೆ. ನೀರಿನ ಅಣುಗಳು ನಾರಿನೊಳಗಿನ ಅಣುಸರಪಳಿಗಳ ನಡುವೆ ನುಸುಳಿ, ಅವುಗಳ ಪರಸ್ಪರ ಹಿಡಿತವನ್ನು ಸಡಿಲಿಸುತ್ತವೆ. ಮೆತ್ತಗಾದ ಹಾಳೆಯನ್ನು ಬೇಕಾದ ಅಳತೆಗೆ ಕತ್ತರಿಸಿ, ಎರಡು ತುದಿಗಳನ್ನೂ ನೆರಿಗೆ ಹಿಡಿದು ಹೊಲಿಯುತ್ತಾರೆ. ಮರವನ್ನು ಸುತ್ತಿಕೊಂಡಿದ್ದ ಸಹಜವಾದ ಬಾಗೇ ಟೊಪ್ಪಿಗೆ ಅರ್ಧ ರೂಪವನ್ನು ಕೊಟ್ಟಿರುತ್ತದೆ. ಸೀಳು ಯಾವಾಗಲೂ ನಾರಿನ ಉದ್ದಕ್ಕೇ ಓಡುವುದರಿಂದ ಹೊಲಿಗೆಯು ನಾರಿಗೆ ಅಡ್ಡವಾಗಿ ಸಾಗಬೇಕು. ಆಗ ಅನೇಕ ನಾರುಗಳು ಒಂದೇ ದಾರದ ಹಿಡಿತಕ್ಕೆ ಸಿಕ್ಕುತ್ತವೆ. ನೀರು ಆರಿದಂತೆ ಅಣುಗಳು ಹೊಸ ಸ್ಥಾನಗಳಲ್ಲಿ ಮತ್ತೆ ಹಿಡಿತವನ್ನು ಪಡೆದು, ಆಕಾರವು ಗಟ್ಟಿಯಾಗಿ ನಿಲ್ಲುತ್ತದೆ.

ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಒಂದು ಗೇಣುದ್ದದ ಎರಡು ಪಟ್ಟಿಗಳನ್ನು ಹಾಳೆಯಿಂದ ಕತ್ತರಿಸಿ. ಒಂದು ನಾರಿನ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಎಳೆದು ನೋಡಿದರೆ ಅಡ್ಡಪಟ್ಟಿ ಸುಲಭವಾಗಿ ಹರಿಯುತ್ತದೆ. ಉದ್ದಪಟ್ಟಿಯನ್ನು ಚೆನ್ನಾಗಿ ನೆನೆಸಿ, ಸೀಸೆಯೊಂದಕ್ಕೆ ಸುತ್ತಿ, ದಾರ ಕಟ್ಟಿ ಬಿಸಿಲಿನಲ್ಲಿಡಿ. ಪೂರ್ತಿ ಒಣಗಿದ ಮೇಲೆ ದಾರ ಬಿಚ್ಚಿದರೂ ಅದು ಬಾಗಿಯೇ ಇರುತ್ತದೆ. ಮತ್ತೆ ನೆನೆಸಿದರೆ ಬಾಗು ಸಡಿಲವಾಗುತ್ತದೆ. ಮಳೆಯಲ್ಲಿ ನೆನೆದ ಮುಟ್ಟಾಳೆಯನ್ನು ಒಣಗಿಸಿಡುವುದು ಏಕೆ ಅವಶ್ಯಕವೆಂಬುದು ಇದರಿಂದಲೇ ಸ್ಪಷ್ಟವಾಗುವುದು.

ಇಂದು ಹಾಳೆಯಿಂದ ಊಟದ ತಟ್ಟೆಗಳನ್ನು ತಯಾರಿಸುವ ಯಂತ್ರಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ. ನೆನೆಸಿದ ಹಾಳೆಯನ್ನು ಬಿಸಿಯಾದ ಲೋಹದ ಅಚ್ಚುಗಳ ನಡುವೆ ಒತ್ತಿದರೆ, ಅಂಟಿನ ಸಹಾಯವಿಲ್ಲದೆಯೇ ತಟ್ಟೆ ಸಿದ್ಧವಾಗುತ್ತದೆ. ಆದರೆ ಅಚ್ಚಿನಿಂದ ಬರುವ ತಟ್ಟೆಗಳೆಲ್ಲ ಒಂದೇ ಅಳತೆಯವು. ಮುಟ್ಟಾಳೆಯಾದರೋ ತೊಡುವವನ ತಲೆಗೆ ಒಪ್ಪಬೇಕು. ಯಾವ ಹಾಳೆ ದಪ್ಪ, ಎಷ್ಟು ನೆನೆದರೆ ಸಾಕು, ನೆರಿಗೆ ಎಲ್ಲಿ ಬೀಳಬೇಕು ಎಂಬ ತಿಳಿವು ಕುಶಲಿಯ ಬೆರಳುಗಳಲ್ಲಿದೆ. ಗೋಡೆಯ ಮೇಲೆ ತೂಗುವ ಟೊಪ್ಪಿಗೆ ಈ ತಿಳಿವು ಬೇಕಿಲ್ಲ. ನೋಟಕ್ಕೆ ಚೆನ್ನಾಗಿದ್ದರೆ ಆಯಿತು. ತೊಡುವವರು ಇಲ್ಲವಾದರೆ ಟೊಪ್ಪಿ ಉಳಿದರೂ ವಿದ್ಯೆ ಅಳಿಯಬಹುದು.

ಮರಕ್ಕೂ ಕಷ್ಟ ಬಂದಿದೆ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಮೊದಲಾದ ಕಡೆಗಳಲ್ಲಿ ಹಳದಿ ಎಲೆ ರೋಗವು ಅನೇಕ ತೋಟಗಳನ್ನು ಹಾಳುಗೆಡವಿದೆ. ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗವನ್ನು ಪೂರ್ತಿ ಗುಣಪಡಿಸುವ ಔಷಧ ದೊರೆತಿಲ್ಲ. 1956ರಲ್ಲಿ ವಿಟ್ಲದಲ್ಲಿ ಸ್ಥಾಪಿತವಾದ ಅಡಿಕೆ ಸಂಶೋಧನಾ ಕೇಂದ್ರವು ಈಗ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗವಾಗಿದೆ. ಈ ಸಂಸ್ಥೆಯ ವಿಜ್ಞಾನಿಗಳು ರೋಗವನ್ನು ತಡೆದುಕೊಳ್ಳುವ ಮರಗಳನ್ನು ಆರಿಸಿ ಬೆಳೆಸಲು ಯತ್ನಿಸುತ್ತಿದ್ದಾರೆ.

ಮರವನ್ನು ಉಳಿಸುವ ಹೊಣೆ ಸಂಶೋಧಕರದು. ಕೈಗಳ ವಿದ್ಯೆಯನ್ನು ಬರೆದಿಡುವ ಕೆಲಸವನ್ನಾದರೋ ಯಾವ ವಿದ್ಯಾರ್ಥಿಯೂ ಮಾಡಬಹುದು. ಸಂತೆಯಲ್ಲಿ ಮುಟ್ಟಾಳೆ ಕಂಡಾಗ ಅದರ ಬೆಲೆಯನ್ನಷ್ಟೇ ಕೇಳದೆ, ಮಾಡುವ ಬಗೆಯನ್ನೂ ಕೇಳಿ ತಿಳಿಯೋಣ. ಕೊಂಡಮೇಲೆ ತಲೆಗೆ ತೊಡೋಣ.